ಕುರ್ಚಿ ಕೊಟ್ಟರು, ಉಗ್ರಾಣದ ಬೀಗದ ಕೈ ಕೊಟ್ಟರೇ?

ದಕ್ಷಿಣ ಆಫ್ರಿಕಾದ ಬಗ್ಗೆ ನಮ್ಮ ಹಾಸ್ಟೆಲ್ ಹುಡುಗರಿಗೆ ಎರಡು ಕತೆ ಗೊತ್ತು. ಮೊದಲನೆಯದು ಸಾಮಾನ್ಯ ಜ್ಞಾನದ ಪುಸ್ತಕದ ಕತೆ. ಮಂಡೇಲಾ ಎಂಬ ಮಹಾತ್ಮ 27 ವರ್ಷ ಜೈಲಿನಲ್ಲಿದ್ದರು, ಡಿ ಕ್ಲರ್ಕ್ ಎಂಬ ಬಿಳಿಯ ಅಧ್ಯಕ್ಷನ ಮನಸ್ಸು ಕರಗಿತು, ಇಬ್ಬರೂ ಕೈ ಕುಲುಕಿದರು, 1993ರಲ್ಲಿ ಇಬ್ಬರಿಗೂ ನೊಬೆಲ್ ಬಂತು, 1994ರಲ್ಲಿ ಚುನಾವಣೆ ಆಯ್ತು, ವರ್ಣಭೇದ ಹೋಯ್ತು. ಬರೆದರೆ ಎರಡು ಮಾರ್ಕು ಗ್ಯಾರಂಟಿ. ಎರಡನೆಯದು ಟೀ ಅಂಗಡಿಯ ಕತೆ. ಏನೂ ಆಗಲಿಲ್ಲ ಬಿಡಪ್ಪ, ಮುದುಕ ಬಿಳಿಯರಿಗೆ ಎಲ್ಲಾ ಮಾರಿಬಿಟ್ಟ, ಕರಿಯ ಇವತ್ತಿಗೂ ತಗಡಿನ ಗುಡಿಸಲಲ್ಲೇ ಇದ್ದಾನೆ ಅನ್ನುವುದು.

ಮೊದಲ ಕತೆಯಲ್ಲಿ ಒಬ್ಬ ದೇವರು. ಎರಡನೆಯದರಲ್ಲಿ ಒಬ್ಬ ದ್ರೋಹಿ. ಎರಡರಲ್ಲೂ ಜನ ಎಲ್ಲಿದ್ದಾರೆ? ಹುಡುಕಿ ನೋಡಿ, ಸಿಗುವುದಿಲ್ಲ. ಈ ಎರಡೂ ಕತೆಗಳು ಸೋಮಾರಿಗಳಿಗೆ ಬಹಳ ಅನುಕೂಲ. ದೇವರನ್ನು ನಂಬಿದವನು ಇನ್ನೊಬ್ಬ ದೇವರು ಬರಲಿ ಅಂತ ಕಾಯುತ್ತಾನೆ. ದ್ರೋಹದ ಕತೆ ನಂಬಿದವನು ಏನು ಮಾಡಿದರೂ ಅಷ್ಟೇ ಅಂತ ಕಂಬಳಿ ಹೊದ್ದು ಮಲಗುತ್ತಾನೆ. ಇಬ್ಬರೂ ಕಾನೂನಿನ ಪುಸ್ತಕ ತೆರೆದು, ಯಾವ ಸಾಲನ್ನು ಯಾರು ಬರೆಸಿದರು ಅಂತ ಕೇಳುವುದಿಲ್ಲ.

ನಾನು ಆ ಪ್ರಶ್ನೆ ಕೇಳಬೇಕೆಂದಿದ್ದೇನೆ. ಒಂದು ದೇಶ ಒಂದು ಆಳ್ವಿಕೆಯಿಂದ ಇನ್ನೊಂದಕ್ಕೆ ಹೊರಳುವಾಗ ಹೊಸ ವ್ಯವಸ್ಥೆಯನ್ನು ಕಟ್ಟುವವರು ಯಾರು? ಬೀದಿಯಲ್ಲಿ ಗುಂಡು ತಿಂದವರೋ, ಮೇಜಿನ ಮುಂದೆ ಪೆನ್ನು ಹಿಡಿದವರೋ, ಮೇಜಿಗೂ ಬಾರದೆ ದೂರದಲ್ಲಿ ಹಣದ ಪೆಟ್ಟಿಗೆ ಹಿಡಿದು ಕೂತವರೋ?

ಹಳೆಯ ಮನೆ ಹೇಗಿತ್ತು

ವರ್ಣಭೇದ ಅಂದರೆ ಬೆಂಚಿನ ಮೇಲೆ ‘ಬಿಳಿಯರಿಗೆ ಮಾತ್ರ’ ಅಂತ ಬರೆದ ಬೋರ್ಡು ಅಂತ ನಾವು ತಿಳಿದಿದ್ದೇವೆ. ಬೋರ್ಡು ಕಿತ್ತು ಹಾಕುವುದು ಸುಲಭ. ಅದರ ಹಿಂದೆ ಕಚೇರಿ ಇತ್ತು, ದಫ್ತರ ಇತ್ತು, ಸರ್ವೆ ನಕ್ಷೆ ಇತ್ತು. 1913ರ ಭೂಮಿ ಕಾಯಿದೆ ದೇಶದ ಬಹುಸಂಖ್ಯಾತ ಕರಿಯರಿಗೆ ಬಿಟ್ಟದ್ದು ನೂರಕ್ಕೆ 7 ಭಾಗ ನೆಲ. 1936ರ ಕಾಯಿದೆ ಅದನ್ನು 13ಕ್ಕೆ ಏರಿಸಿತು, ಅದೂ ಕಾಗದದ ಮೇಲೆ. 1948ರಲ್ಲಿ ನ್ಯಾಷನಲ್ ಪಾರ್ಟಿ ಗದ್ದುಗೆ ಹಿಡಿದ ಮೇಲೆ ಈ ನೆಲದ ಲೆಕ್ಕಕ್ಕೆ ಪೂರ್ತಿ ರಾಜ್ಯಯಂತ್ರವನ್ನೇ ಜೋಡಿಸಿದರು. ಹುಟ್ಟಿದ ಕೂಸಿಗೆ ಜನಾಂಗದ ಮೊಹರು. ಪೇಟೆಗೆ ಕಾಲಿಟ್ಟರೆ ತೋರಿಸಬೇಕಾದ ಪಾಸ್ ಪುಸ್ತಕ. 1953ರಲ್ಲಿ ಬಾಂಟು ಶಿಕ್ಷಣ ಕಾಯಿದೆ, ಕರಿಯರ ಮಗ ಕೂಲಿಗೆ ಬೇಕಾದಷ್ಟೇ ಓದಲಿ ಅಂತ. ಇದರ ಜೊತೆಗೆ ‘ನಿಮ್ಮ ನಿಮ್ಮ ತಾಯ್ನಾಡು’ ಎಂಬ ಹೆಸರಿನ 10 ಬಾಂಟುಸ್ತಾನಗಳು. ಅಲ್ಲಿಗೊಬ್ಬ ಮುಖ್ಯಮಂತ್ರಿ, ಅವನಿಗೊಂದು ಕಾರು, ಕೆಲವು ಕಡೆ ಒಂದು ಬಾವುಟ. ಊರ ಹೊರಗೆ ಕೇರಿ ಕಟ್ಟಿ, ಕೇರಿಗೊಬ್ಬ ಯಜಮಾನನನ್ನು ಮಾಡಿ, ‘ಇದೇ ನಿಮ್ಮ ರಾಜ್ಯ, ಸುಖವಾಗಿರಿ’ ಅಂದ ಹಾಗೆ. ಕೇರಿಯಲ್ಲಿ ಹುಟ್ಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ದ್ವೇಷಕ್ಕೆ ಸಂಬಳ ಕೊಟ್ಟು, ಪಿಂಚಣಿ ಕೊಟ್ಟು, ಕಡತ ಕೊಟ್ಟು ಕೂರಿಸಿದಾಗ ಅದು ಸಂಸ್ಥೆಯಾಗುತ್ತದೆ. ಒಬ್ಬ ಅಧ್ಯಕ್ಷನ ಮನಸ್ಸು ಕರಗಿದರೆ ಸಂಸ್ಥೆ ಕರಗುವುದಿಲ್ಲ.

ಬಾಗಿಲು ಒಡೆದವರು

ಡಿ ಕ್ಲರ್ಕನ ಮನಸ್ಸು ತಾನಾಗಿ ಕರಗಲಿಲ್ಲ, ಕಾಯಿಸಿದವರು ಇದ್ದರು. 1973ರಲ್ಲಿ ಡರ್ಬನ್ ಊರಿನ ಕಾರ್ಖಾನೆಗಳ ಕರಿಯ ಕೂಲಿಗಳು ಕೆಲಸ ನಿಲ್ಲಿಸಿದರು. ಆಗ ಅವರ ಸಂಘಕ್ಕೆ ಕಾನೂನಿನ ಮಾನ್ಯತೆಯೇ ಇರಲಿಲ್ಲ. 1976ರ ಜೂನ್ 16ರಂದು ಸೊವೆಟೊದ ಶಾಲಾ ಮಕ್ಕಳು ಬೀದಿಗೆ ಬಂದರು. ಆಫ್ರಿಕಾನ್ಸ್ ಭಾಷೆಯಲ್ಲಿ ಪಾಠ ಕಲಿಯುವುದಿಲ್ಲ ಅಂದರು. ಪೊಲೀಸರ ಗುಂಡಿಗೆ ಬಿದ್ದ ಹೆಕ್ಟರ್ ಪೀಟರ್ಸನ್‌ಗೆ 12 ವರ್ಷ. ಮರುವರ್ಷ ಸೆಪ್ಟೆಂಬರಿನಲ್ಲಿ ಸ್ಟೀವ್ ಬಿಕೊ ಪೊಲೀಸ್ ವಶದಲ್ಲೇ ಸತ್ತ. ವಯಸ್ಸು 30. ನಮ್ಮ ನಿಮ್ಮ ಅಣ್ಣನ ವಯಸ್ಸು ಗೆಳೆಯರೇ.

1983ರಲ್ಲಿ ಸರ್ಕಾರ ಒಂದು ಹುನ್ನಾರ ಮಾಡಿತು. ಬಿಳಿಯರಿಗೊಂದು, ಮಿಶ್ರ ವರ್ಣದವರಿಗೊಂದು, ಭಾರತೀಯ ಮೂಲದವರಿಗೊಂದು ಅಂತ ಮೂರು ಸದನದ ಪಾರ್ಲಿಮೆಂಟು. ಕರಿಯರಿಗೆ ಮಾತ್ರ ಸೊನ್ನೆ. ನಡುವಿನ ಮೆಟ್ಟಿಲಿನವನಿಗೆ ಒಂದು ಕುರ್ಚಿ ಎಸೆದರೆ ಅವನು ಕೆಳಗಿನವನ ಕೈ ಬಿಡುತ್ತಾನೆ ಎಂಬ ಲೆಕ್ಕ. ಎಂಥಾ ಪರಿಚಿತ ಲೆಕ್ಕ! ಆದರೆ ಆ ವರ್ಷದ ಆಗಸ್ಟಿನಲ್ಲೇ ಕೇಪ್ ಟೌನಿನಲ್ಲಿ ಸಂಯುಕ್ತ ಪ್ರಜಾಸತ್ತಾತ್ಮಕ ರಂಗ, ಅಂದರೆ ಯುಡಿಎಫ್ ಹುಟ್ಟಿತು. ಕೇರಿ ಸಮಿತಿ, ಹೆಂಗಸರ ಸಂಘ, ವಿದ್ಯಾರ್ಥಿ ಸಂಘ, ಚರ್ಚು ಎಲ್ಲಾ ಒಂದು ಚಪ್ಪರದಡಿ. 1985ರ ಕೊನೆಗೆ ಕಾರ್ಮಿಕ ಸಂಘಗಳ ಒಕ್ಕೂಟ ಕೊಸಾಟು ಬಂತು. 1987ರಲ್ಲಿ ಸುಮಾರು 3 ಲಕ್ಷ ಗಣಿ ಕಾರ್ಮಿಕರು ಮೂರು ವಾರ ಮುಷ್ಕರ ಹೂಡಿದರು.

ಹಣವಂತರು ಅಷ್ಟರಲ್ಲಿ ಗಾಳಿ ಎತ್ತ ಬೀಸುತ್ತಿದೆ ಅಂತ ಮೂಸಿ ನೋಡಿದ್ದರು. 1985ರಲ್ಲಿ ಅಮೆರಿಕದ ಚೇಸ್ ಮ್ಯಾನ್‌ಹಟನ್ ಬ್ಯಾಂಕು ದಕ್ಷಿಣ ಆಫ್ರಿಕಾದ ಸಾಲವನ್ನು ಮುಂದುವರಿಸುವುದಿಲ್ಲ ಅಂದುಬಿಟ್ಟಿತು. ಆ ವರ್ಷದ ಸೆಪ್ಟೆಂಬರಿನಲ್ಲಿ ಚಿನ್ನ ವಜ್ರದ ದೈತ್ಯ ಆಂಗ್ಲೋ ಅಮೆರಿಕನ್ ಕಂಪನಿಯ ಅಧ್ಯಕ್ಷ ಗೇವಿನ್ ರೆಲಿ ಮುಂದಾಳತ್ವದಲ್ಲಿ ವ್ಯಾಪಾರಿಗಳ ತಂಡ ಜಾಂಬಿಯಾಕ್ಕೆ ಹೋಗಿ, ನಿಷೇಧಿತ ಎಎನ್‌ಸಿ ಪಕ್ಷದ ನಾಯಕರ ಜೊತೆ ಕೂತು ಮಾತಾಡಿತು. ಮಂಡೇಲಾ ಬಿಡುಗಡೆಗೆ ಇನ್ನೂ ನಾಲ್ಕೂವರೆ ವರ್ಷ ಇತ್ತು! ಮನೆ ಕೈ ಬದಲಾಗುವುದಾದರೆ ಉಗ್ರಾಣದ ಗತಿ ಏನು ಅಂತ ಕೇಳಲು ಸಾಹುಕಾರ ಎಲ್ಲರಿಗಿಂತ ಮೊದಲು ಹೊರಟಿದ್ದ.

ಹೀಗೆ ಕೆಳಗಿನಿಂದ ಬೆಂಕಿ, ಹೊರಗಿನಿಂದ ಬಹಿಷ್ಕಾರ, ಪಕ್ಕದಿಂದ ಬ್ಯಾಂಕು. 1990ರ ಫೆಬ್ರವರಿ 2ರಂದು ಡಿ ಕ್ಲರ್ಕ್ ನಿಷೇಧ ತೆಗೆದ. 11ರಂದು ಮಂಡೇಲಾ ಹೊರಗೆ ಬಂದರು.

ಮೇಜಿನ ಸುತ್ತ ಕೂತವರು

1991ರ ಡಿಸೆಂಬರಿನಲ್ಲಿ ಜೊಹಾನ್ಸ್‌ಬರ್ಗ್ ಹತ್ತಿರದ ಕೆಂಪ್ಟನ್ ಪಾರ್ಕಿನಲ್ಲಿ ಕೊಡೆಸಾ ಎಂಬ ಸಂಧಾನ ಸಭೆ ಕೂತಿತು. 19 ಗುಂಪುಗಳು. ಎಎನ್‌ಸಿ, ನ್ಯಾಷನಲ್ ಪಾರ್ಟಿ, ಕಮ್ಯುನಿಸ್ಟ್ ಪಕ್ಷ, ಮೂರು ಸದನದ ಪಕ್ಷಗಳು, ಜೊತೆಗೆ ಬಾಂಟುಸ್ತಾನದ ಯಜಮಾನರು. ನಿನ್ನೆವರೆಗೂ ಬಿಳಿಯರ ಸಂಬಳ ತಿಂದವರೂ ಇವತ್ತು ಹೊಸ ದೇಶದ ಶಿಲ್ಪಿಗಳು! ಅದಕ್ಕೆ ನಾಲ್ಕು ತಿಂಗಳು ಮುಂಚೆ, 1991ರ ಆಗಸ್ಟಿನಲ್ಲಿ, ಯುಡಿಎಫ್ ತನ್ನನ್ನು ತಾನೇ ವಿಸರ್ಜಿಸಿಕೊಂಡಿತ್ತು. ಪಕ್ಷದ ಮೇಲಿನ ನಿಷೇಧ ಹೋಯಿತಲ್ಲ, ಇನ್ನು ನಮ್ಮ ಕೆಲಸ ಮುಗಿಯಿತು ಅಂತ.

ಈ ತಾರೀಖನ್ನು ಗುರುತು ಹಾಕಿಕೊಳ್ಳಿ. ನಿಯಮ ಬರೆಯುವ ಕೆಲಸ ಶುರುವಾಗುವ ಹೊತ್ತಿಗೆ ಕೇರಿಗಳನ್ನು ಒಟ್ಟಿಗೆ ಕಟ್ಟಿದ್ದ ಹಗ್ಗ ಬಿಚ್ಚಿ ಹೋಗಿತ್ತು. ಮದುವೆಗೆ ಚಪ್ಪರ ಹಾಕಿದವರು ಊಟದ ಪಂಕ್ತಿ ಕೂರುವ ಮೊದಲೇ ಮನೆಗೆ ಹೋದ ಹಾಗಾಯ್ತು.

1992ರ ಮಾರ್ಚಿನಲ್ಲಿ ಡಿ ಕ್ಲರ್ಕ್ ಬಿಳಿಯರನ್ನು ಮಾತ್ರ ಕರೆದು, ಮಾತುಕತೆ ಮುಂದುವರಿಸಲೇ ಅಂತ ಮತ ಕೇಳಿದ. ನೂರಕ್ಕೆ 68ಕ್ಕಿಂತ ಹೆಚ್ಚು ಮಂದಿ ಹೂಂ ಅಂದರು. ಆ ಧೈರ್ಯದಲ್ಲಿ ಅವನು ಮೇಜಿನಲ್ಲಿ ಬಿಗಿಯಾದ. ಸಂವಿಧಾನ ಪಾಸಾಗಲು ನೂರಕ್ಕೆ ಎಷ್ಟು ಮತ ಬೇಕು ಎಂಬ ಜಗಳದಲ್ಲಿ ಮೇ ತಿಂಗಳ ಎರಡನೇ ಸಭೆ ಮುರಿಯಿತು. ಇದು ಬರೀ ಅಂಕಿಯ ಜಗಳವಲ್ಲ. ನೂರಕ್ಕೆ 75 ಬೇಕು ಅಂದರೆ ಅಲ್ಪಸಂಖ್ಯಾತ ಒಡೆಯನ ಕೈಯಲ್ಲಿ ಶಾಶ್ವತವಾಗಿ ಬ್ರೇಕು ಇರುತ್ತದೆ. ಜೂನ್ 17ರ ರಾತ್ರಿ ಬೊಯಿಪಾಟಾಂಗ್ ಎಂಬ ಕೇರಿಗೆ ಹಂತಕರು ನುಗ್ಗಿ 45 ಜನರನ್ನು ಕೊಂದರು. ಎಎನ್‌ಸಿ ಮೇಜಿನಿಂದ ಎದ್ದು ಬಂತು. ಆಗಸ್ಟಿನಲ್ಲಿ ಲಕ್ಷಾಂತರ ಕಾರ್ಮಿಕರು ಎರಡು ದಿನ ದೇಶ ನಿಲ್ಲಿಸಿದರು. ಸೆಪ್ಟೆಂಬರ್ 7ರಂದು ಬಿಶೊ ಊರಿಗೆ ಹೊರಟ ಮೆರವಣಿಗೆಯ ಮೇಲೆ ಸಿಸ್ಕೈ ಬಾಂಟುಸ್ತಾನದ ಸೈನಿಕರು ಗುಂಡು ಹಾರಿಸಿದರು, 28 ಮೆರವಣಿಗೆಕಾರರು ಸತ್ತರು. ಆ ತಿಂಗಳ 26ಕ್ಕೆ ಡಿ ಕ್ಲರ್ಕ್ ಒಪ್ಪಂದಕ್ಕೆ ಸಹಿ ಹಾಕಿದ. ಚುನಾಯಿತ ಸಭೆಯೇ ಸಂವಿಧಾನ ಬರೆಯಬೇಕು ಅನ್ನುವುದು ಅದರಲ್ಲಿತ್ತು.

ಬೀದಿ ಗಟ್ಟಿಯಾದಾಗ ಮೇಜು ಬಾಗಿತು. ಇದು ಒಂದು ಸಲ ಮಾತ್ರ ಆದದ್ದಲ್ಲ. 1993ರ ಏಪ್ರಿಲ್ 10ರಂದು ಕಮ್ಯುನಿಸ್ಟ್ ನಾಯಕ ಕ್ರಿಸ್ ಹಾನಿಯನ್ನು ಅವರ ಮನೆಯ ಮುಂದೆಯೇ ಗುಂಡಿಟ್ಟು ಕೊಂದರು. ದೇಶ ಹೊತ್ತಿ ಉರಿಯುವ ಗಳಿಗೆ. ಶಾಂತಿ ಕೇಳಲು ಟೀವಿಯಲ್ಲಿ ಕಾಣಿಸಿದ್ದು ಅಧಿಕಾರದಲ್ಲಿದ್ದ ಡಿ ಕ್ಲರ್ಕ್ ಅಲ್ಲ, ಯಾವ ಹುದ್ದೆಯೂ ಇಲ್ಲದ ಮಂಡೇಲಾ. ಆಡಳಿತ ಯಾರ ಕೈಲಿದೆ ಅಂತ ಅವತ್ತೇ ಎಲ್ಲರಿಗೂ ತಿಳಿಯಿತು. ಜೂನ್ ತಿಂಗಳಲ್ಲಿ ಚುನಾವಣೆಯ ದಿನ ಗೊತ್ತಾಯಿತು: 1994 ಏಪ್ರಿಲ್ 27.

ಮೇಜಿಗೇ ಹೋಗುವುದಿಲ್ಲ ಅಂದವರೂ ಇದ್ದರು. ಬಿಕೊ ಪರಂಪರೆಯ ಅಜಾಪೊ ಸಂಘಟನೆ ಕೊಡೆಸಾವನ್ನೂ 1994ರ ಚುನಾವಣೆಯನ್ನೂ ಬಹಿಷ್ಕರಿಸಿತು. ಒಡೆಯನ ಜೊತೆ ಯಾವ ಸಂಧಾನ ಅಂತ. ಆ ರೋಷ ನನಗೂ ಅರ್ಥವಾಗುತ್ತದೆ, ಕವಿತೆ ಬರೆಯುವವನಿಗಂತೂ ಅದು ಬಹಳ ಹಿಡಿಸುತ್ತದೆ. ಆದರೆ ಭೂಮಿಯ ಬಗ್ಗೆ ಅತಿ ಖಾರವಾಗಿ ಮಾತಾಡುತ್ತಿದ್ದವರೇ ಭೂಮಿಯ ಕಲಮು ಬರೆಯುವಾಗ ಕೋಣೆಯಲ್ಲಿರಲಿಲ್ಲ. ಅವರ ಖಾಲಿ ಕುರ್ಚಿಯ ಮೇಲೆ ಯಾರೂ ಗೌರವದಿಂದ ಹೂವಿಡಲಿಲ್ಲ.

ಯಾರು ಏನು ಒಯ್ದರು

ಈಗ ಲೆಕ್ಕ ನೋಡೋಣ.

ಸರ್ಕಾರಿ ನೌಕರರು. 1992ರಲ್ಲಿ ಕಮ್ಯುನಿಸ್ಟ್ ನಾಯಕ ಜೋ ಸ್ಲೋವೊ ಒಂದು ಸಲಹೆ ಇಟ್ಟರು. ಸಶಸ್ತ್ರ ಹೋರಾಟದ ಮುಂಚೂಣಿಯಲ್ಲಿದ್ದವರೇ ಹೀಗೆ ಹೇಳಿದ್ದರಿಂದ ಅದಕ್ಕೆ ತೂಕ ಬಂತು. ಹಳೆಯ ನೌಕರರ ಕೆಲಸ, ಪಿಂಚಣಿಗೆ ಭದ್ರತೆ ಕೊಡೋಣ, ಕೆಲವು ವರ್ಷ ಅಧಿಕಾರ ಹಂಚಿಕೊಳ್ಳೋಣ, ಇಲ್ಲದಿದ್ದರೆ ಸೈನ್ಯ, ಪೊಲೀಸು, ಗುಮಾಸ್ತರು ಸೇರಿ ಹೊಸ ಸರ್ಕಾರವನ್ನು ಬೀಳಿಸುತ್ತಾರೆ ಎಂದು. ಇದಕ್ಕೆ ‘ಸೂರ್ಯಾಸ್ತ ಕಲಮು’ ಎಂದು ಹೆಸರು. ಗಡುವು ಮುಗಿದ ಮೇಲೆ ತಾನಾಗಿ ಮುಳುಗುವ ಕಲಮು. ನೂರಕ್ಕೆ 20 ಸ್ಥಾನ ಗೆದ್ದ ಪಕ್ಷಕ್ಕೆ ಉಪಾಧ್ಯಕ್ಷ ಪದವಿ, 5 ಗೆದ್ದರೆ ಮಂತ್ರಿ ಪದವಿ, ಐದು ವರ್ಷದ ಮಟ್ಟಿಗೆ.

ಪೊಲೀಸು, ಸೈನ್ಯದ ಮೇಲಧಿಕಾರಿಗಳು. ಅವರಿಗೆ ಬೇಕಾಗಿದ್ದು ಕ್ಷಮಾದಾನ. 1993ರ ಮಧ್ಯಂತರ ಸಂವಿಧಾನದ ಕೊನೆಯಲ್ಲಿ ಅದಕ್ಕೊಂದು ಸಾಲು ಬಂತು. ಅದರಿಂದಲೇ ಡೆಸ್ಮಂಡ್ ಟುಟು ಅಧ್ಯಕ್ಷತೆಯ ಸತ್ಯ ಮತ್ತು ಸಂಧಾನ ಆಯೋಗ ಹುಟ್ಟಿತು. ಸತ್ಯ ಹೇಳಿದವನಿಗೆ ಕ್ಷಮೆ. ತಾಯಂದಿರು ಆಯೋಗದ ಮುಂದೆ ಕೂತು ಅತ್ತರು, ಲೋಕವೇ ಮೆಚ್ಚಿಕೊಂಡಿತು. ಪರಿಹಾರದ ಮಾತು ಬಂದಾಗ 2003ರಲ್ಲಿ ಸರ್ಕಾರ ನಿಗದಿ ಮಾಡಿದ್ದು ಒಬ್ಬೊಬ್ಬ ಸಂತ್ರಸ್ತರಿಗೆ ಒಂದೇ ಸಲ 30,000 ರ‍್ಯಾಂಡ್.

ಪಾಳೇಗಾರರು. ಜುಲು ಪ್ರದೇಶದ ಇಂಕಾಥಾ ಪಕ್ಷ ಚುನಾವಣೆಗೆ ಬರುವುದಿಲ್ಲ ಅಂತ ಹಟ ಹಿಡಿದು, ಮತದಾನಕ್ಕೆ ಎಂಟು ದಿನ ಇರುವಾಗ ಒಪ್ಪಿತು. ಅಚ್ಚಾಗಿದ್ದ ಮತಪತ್ರಗಳಿಗೆ ಅವರ ಹೆಸರಿನ ಚೀಟಿ ಅಂಟಿಸಬೇಕಾಯ್ತು. ಆ ಗಡಿಬಿಡಿಯ ದಿನಗಳಲ್ಲೇ ಕ್ವಾಜುಲು ಶಾಸನಸಭೆ ಒಂದು ಕಾಯಿದೆ ಮಾಡಿ ಸುಮಾರು 28 ಲಕ್ಷ ಹೆಕ್ಟೇರ್ ನೆಲವನ್ನು ಜುಲು ರಾಜ ಒಬ್ಬನೇ ಧರ್ಮದರ್ಶಿಯಾದ ಟ್ರಸ್ಟಿಗೆ ಬರೆಯಿತು. ಇನ್ನೊಂದು ಕಡೆ ಬೊಫುತತ್ಸ್ವಾನಾ ಬಾಂಟುಸ್ತಾನದಲ್ಲಿ 1994ರ ಮಾರ್ಚಿನಲ್ಲಿ ತದ್ವಿರುದ್ಧ ಆಯ್ತು. ಯಜಮಾನ ಮಾಂಗೋಪೆ ಚುನಾವಣೆ ಬೇಡ ಅಂದ. ಅವನದೇ ಗುಮಾಸ್ತರು, ನೌಕರರು ನಮ್ಮ ಸಂಬಳ ಪಿಂಚಣಿ ಗತಿ ಏನು ಅಂತ ಮುಷ್ಕರ ಹೂಡಿದರು. ವಿದ್ಯಾರ್ಥಿಗಳು ಜೊತೆಗೂಡಿದರು. ಯಜಮಾನ ಉರುಳಿದ.

ಬಂಡವಾಳಗಾರರು. ಇವರು ಕೂಗಲಿಲ್ಲ, ಕಿರುಚಲಿಲ್ಲ, ಯಾರನ್ನೂ ಹೊಡೆಯಲಿಲ್ಲ. ಕೇಂದ್ರ ಬ್ಯಾಂಕು ಸರ್ಕಾರದ ಮಾತು ಕೇಳಬೇಕಾಗಿಲ್ಲ ಎಂದು ಸಂವಿಧಾನದಲ್ಲೇ ಬಂತು. ಆಸ್ತಿಯ ಹಕ್ಕು ಮೂಲಭೂತ ಹಕ್ಕಾಯಿತು. ಚುನಾವಣೆಗೂ ಮುಂಚೆ, 1993ರ ಡಿಸೆಂಬರಿನಲ್ಲಿ, ಅಂತಾರಾಷ್ಟ್ರೀಯ ಹಣಕಾಸು ನಿಧಿಯಿಂದ 85 ಕೋಟಿ ಡಾಲರ್ ಸಾಲ ಬಂತು. ಸಾಲದ ಜೊತೆ ಖರ್ಚು ಬಿಗಿಹಿಡಿಯುವ ವಾಗ್ದಾನವೂ ಹೋಯಿತು. ಮತ ಹಾಕಲು ಜನ ಸಾಲಿನಲ್ಲಿ ನಿಲ್ಲುವ ಮೊದಲೇ ಅವರ ಸರ್ಕಾರದ ಕೈಗೆ ಒಂದು ಪಟ್ಟಿ ಕಟ್ಟಿಯಾಗಿತ್ತು.

ಇಲ್ಲಿದೆ ನೋಡಿ ಗೆಳೆಯರೇ ನನ್ನ ಮುಖ್ಯ ಮಾತು. ಜನ ಇಡೀ ಜಗಳ ಆಡಿದ್ದು ಸೂರ್ಯಾಸ್ತ ಕಲಮಿನ ಮೇಲೆ. ಸ್ಲೋವೊ ಮಾರಿಕೊಂಡರು ಅಂತ ಬೈದವರೂ ಇದ್ದರು. ಆ ಕಲಮಿಗೆ ಗಡುವು ಇತ್ತು, ಅದು ಮುಳುಗಿತು. ಡಿ ಕ್ಲರ್ಕ್ ಐದು ವರ್ಷವೂ ಕೂರದೆ 1996ರ ಜೂನಿನಲ್ಲೇ ಸರ್ಕಾರ ಬಿಟ್ಟು ಹೋದ. ಅವನ ಪಕ್ಷ ಹತ್ತು ವರ್ಷದಲ್ಲಿ ಮಣ್ಣುಪಾಲಾಯ್ತು. ಆಸ್ತಿಯ ಕಲಮಿಗೆ ಗಡುವು ಇರಲಿಲ್ಲ. ಬ್ಯಾಂಕಿನ ಕಲಮಿಗೆ ಗಡುವು ಇರಲಿಲ್ಲ. ಜುಲು ಟ್ರಸ್ಟಿಗೂ ಇರಲಿಲ್ಲ. ಗದ್ದಲ ಎಬ್ಬಿಸಿದ ಶತ್ರು ಗಡುವು ಹಾಕಿಸಿಕೊಂಡು ಹೋದ. ಮೆತ್ತಗೆ ಮಾತಾಡಿದವನು ಗಡುವಿಲ್ಲದ ಕಾಗದ ಜೇಬಿಗಿಳಿಸಿದ.

ಇದು ನಮಗೆ ಹೊಸದೇನಲ್ಲ. 1950ರಲ್ಲಿ ನಮ್ಮ ಸಂವಿಧಾನ ಜಾರಿಗೆ ಬಂದಾಗ ಬ್ರಿಟಿಷರ ಐಸಿಎಸ್ ಅಧಿಕಾರಿಗಳ ಸಂಬಳ ಸವಲತ್ತಿಗೆ 314ನೇ ವಿಧಿಯ ರಕ್ಷಣೆ ಇತ್ತು. ಮಹಾರಾಜರ ರಾಜಧನಕ್ಕೆ 291ನೇ ವಿಧಿ ಇತ್ತು. ಮೈಸೂರು ಅರಸರಿಗೆ ವರ್ಷಕ್ಕೆ 26 ಲಕ್ಷ ರೂಪಾಯಿ. ರಾಜಧನ ಕೀಳಲು 1971 ಬರಬೇಕಾಯ್ತು, ಐಸಿಎಸ್ ರಕ್ಷಣೆ ಕೀಳಲು 1972. ಅದೇ ಸಂವಿಧಾನ ಬರೆಯುವ ಮುನ್ನ, 1947ರಲ್ಲಿ, ಬಾಬಾಸಾಹೇಬರು ಒಂದು ಮನವಿ ಬರೆದಿದ್ದರು. ಕೃಷಿ ಭೂಮಿ ರಾಜ್ಯದ ಒಡೆತನಕ್ಕೆ ಬರಲಿ, ಜಾತಿ ಮತ ನೋಡದೆ ಉಳುವವರಿಗೆ ಹಂಚಲಿ, ಇದನ್ನು ಸಂವಿಧಾನದಲ್ಲೇ ಬರೆದು ಭದ್ರ ಮಾಡಲಿ ಅಂತ. ಕರಡು ಸಮಿತಿಯ ಅಧ್ಯಕ್ಷರೇ ಆದರೂ ಆ ಮಾತು ಸಂವಿಧಾನದ ಒಳಗೆ ಬರಲಿಲ್ಲ. ಕುರ್ಚಿ ಅವರದಾಗಿತ್ತು, ಸಭೆಯ ತುಂಬ ಕೂತವರು ಬೇರೆಯವರಾಗಿದ್ದರು.

ಗೆದ್ದದ್ದೂ ಇದೆ

ಟೀ ಅಂಗಡಿಯವರಿಗೆ ಈಗ ಖುಷಿಯಾಗಿರಬಹುದು. ‘ನೋಡಿದೆಯಾ, ನಾವು ಹೇಳಿದ್ದೇ ಸರಿ.’ ಇಲ್ಲಪ್ಪ, ತಡೆಯಿರಿ.

ಹೆಂಗಸರ ಲೆಕ್ಕ ನೋಡಿ. ಕೊಡೆಸಾದ ಮೇಜಿನಲ್ಲಿ ಬರೀ ಗಂಡಸರೇ ತುಂಬಿದ್ದರು. 1992ರಲ್ಲಿ ಪಕ್ಷ, ಬಣ್ಣ ಬಿಟ್ಟು ಹೆಂಗಸರು ರಾಷ್ಟ್ರೀಯ ಮಹಿಳಾ ಒಕ್ಕೂಟ ಕಟ್ಟಿದರು. ಮುಂದಾಳು ಭಾರತೀಯ ಮೂಲದ ಫ್ರೀನ್ ಜಿನ್‌ವಾಲಾ. ಊರೂರಿಗೆ ಹೋಗಿ ನಿಮಗೇನು ಬೇಕು ಅಂತ ಕೇಳಿ ಬೇಡಿಕೆ ಪಟ್ಟಿ ಮಾಡಿದರು. 1993ರ ಸಂಧಾನದಲ್ಲಿ ಪ್ರತಿ ಪಕ್ಷದ ಪ್ರತಿನಿಧಿಗಳಲ್ಲಿ ಒಬ್ಬ ಹೆಂಗಸಾದರೂ ಇರಲೇಬೇಕು ಅಂತ ನಿಯಮ ಮಾಡಿಸಿದರು. ಆಗ ಕುಲದ ಯಜಮಾನರು ಬಂದು, ನಮ್ಮ ಕಟ್ಟುಪಾಡಿಗೆ ಸಮಾನತೆಯ ಕಲಮು ಅನ್ವಯವಾಗಬಾರದು ಅಂದರು. ಸಂಪ್ರದಾಯವಂತೆ! ಹೆಂಗಸರು ಬಿಡಲಿಲ್ಲ. ಯಜಮಾನರು ಸೋತರು. ಕಟ್ಟುಪಾಡಿಗಿಂತ ಸಮಾನತೆ ಮೇಲಾಯ್ತು. 1994ರ ಹೊಸ ಸಂಸತ್ತಿನ 400 ಸದಸ್ಯರಲ್ಲಿ ನೂರಕ್ಕೂ ಹೆಚ್ಚು ಹೆಂಗಸರು. ಜಿನ್‌ವಾಲಾ ಸ್ಪೀಕರ್.

ಕಾರ್ಮಿಕರ ಲೆಕ್ಕ. ಮಧ್ಯಂತರ ಸಂವಿಧಾನದಲ್ಲಿ ಮಾಲೀಕರಿಗೆ ಲಾಕೌಟ್ ಮಾಡುವ ಅವಕಾಶ ಇತ್ತು. ಅಂತಿಮ ಸಂವಿಧಾನದಲ್ಲೂ ಅದನ್ನು ಹಕ್ಕಾಗಿ ಬರೆಯಿರಿ ಅಂತ ಒತ್ತಡ ಬಂತು. 1996ರ ಏಪ್ರಿಲ್ 30ರಂದು ಕೊಸಾಟು ಸಾರ್ವತ್ರಿಕ ಮುಷ್ಕರ ಮಾಡಿತು. ಮಂಡೇಲಾ ಸರ್ಕಾರ ಇರುವಾಗಲೇ ಗೆಳೆಯರೇ, ನಮ್ಮವರದೇ ಸರ್ಕಾರ ಅಂತ ಸುಮ್ಮನಿರಲಿಲ್ಲ. ಮೇ 8ರಂದು ಪಾಸಾದ ಸಂವಿಧಾನದಲ್ಲಿ ಮುಷ್ಕರದ ಹಕ್ಕು ಇದೆ, ಲಾಕೌಟ್ ಹಕ್ಕು ಇಲ್ಲ.

ಇನ್ನು ಸಾಮಾನ್ಯ ಜನ. 490 ಸದಸ್ಯರ ಸಂವಿಧಾನ ಸಭೆಗೆ ಸುಮಾರು 20 ಲಕ್ಷ ಮನವಿಗಳು ಬಂದವು. ಹೆಚ್ಚಿನವು ಸಹಿ ಸಂಗ್ರಹದ ಅರ್ಜಿಗಳು. ವಸತಿ, ನೀರು, ಆಹಾರ, ಆರೋಗ್ಯ, ಶಿಕ್ಷಣ ಹಕ್ಕುಗಳಾಗಿ ಬಂದವು. ಸಭೆ ಪಾಸು ಮಾಡಿದ ಪಠ್ಯವನ್ನೇ ಸಂವಿಧಾನ ನ್ಯಾಯಾಲಯ ಸೆಪ್ಟೆಂಬರಿನಲ್ಲಿ ತಿರುಗಿಸಿ ಕಳಿಸಿತು. ತಿದ್ದಿ ತಂದ ಮೇಲೆ ಒಪ್ಪಿತು. 1996ರ ಡಿಸೆಂಬರ್ 10ರಂದು ಮಂಡೇಲಾ ಸಹಿ ಹಾಕಿದ್ದು ಶಾರ್ಪ್‌ವಿಲ್‌ನಲ್ಲಿ. 1960ರ ಮಾರ್ಚ್ 21ರಂದು ಪಾಸ್ ಪುಸ್ತಕದ ವಿರುದ್ಧ ನಿಂತ 69 ಜನರನ್ನು ಪೊಲೀಸರು ಕೊಂದ ಊರು ಅದು.

ಎಲ್ಲಿ ಸಂಘಟಿತ ಜನ ಒಂದು ಕಾಲು ಬೀದಿಯಲ್ಲಿ, ಒಂದು ಕೈ ಕರಡಿನ ಮೇಲೆ ಇಟ್ಟಿದ್ದರೋ ಅಲ್ಲಿ ಗೆದ್ದರು. ಭೂಮಿ ಕಳೆದುಕೊಂಡ ಹಳ್ಳಿಗರಿಗೆ, ತಗಡಿನ ಗುಡಿಸಲಿನವರಿಗೆ ಕೊಸಾಟು ಅಂಥ ಗಟ್ಟಿ ಒಕ್ಕೂಟ ಇರಲಿಲ್ಲ. ಅವರ ಕಲಮು ಅರ್ಧಂಬರ್ಧ ಬಂತು. 25ನೇ ಕಲಮಿನಲ್ಲಿ ಭೂಸುಧಾರಣೆಯ ಮಾತೂ ಇದೆ, ಪರಿಹಾರದ ಮಾತೂ ಇದೆ. ಕಿತ್ತುಕೊಂಡ ನೆಲ ವಾಪಸು ಕೇಳಬಹುದು, ಆದರೆ 1913ರ ಜೂನ್ 19ರ ನಂತರ ಕಿತ್ತುಕೊಂಡದ್ದು ಮಾತ್ರ. ಅದಕ್ಕೆ ಮುಂಚಿನ ಇನ್ನೂರೈವತ್ತು ವರ್ಷದ ಲೂಟಿಗೆ ಈ ದಾರಿ ಮುಚ್ಚಿದೆ. ಐದು ವರ್ಷದಲ್ಲಿ ನೂರಕ್ಕೆ 30 ಭಾಗ ಕೃಷಿ ಭೂಮಿ ಹಂಚುತ್ತೇವೆ ಅಂತ 1994ರಲ್ಲಿ ಹೇಳಿದರು. ಗಡುವನ್ನು 2014ಕ್ಕೆ ತಳ್ಳಿದರು. ಅದೂ ದಾಟಿತು. 2017ರ ಸರ್ಕಾರಿ ಲೆಕ್ಕದಲ್ಲೇ ವ್ಯಕ್ತಿಗಳ ಹೆಸರಲ್ಲಿರುವ ಕೃಷಿ ಭೂಮಿಯಲ್ಲಿ ನೂರಕ್ಕೆ 72 ಭಾಗ ಬಿಳಿಯರದು. ಭೂಸ್ವಾಧೀನದ ಹೊಸ ಕಾಯಿದೆಗೆ ಸಹಿ ಬಿದ್ದದ್ದು 2025ರ ಜನವರಿಯಲ್ಲಿ, ಚುನಾವಣೆಯಾಗಿ 30 ವರ್ಷ ಕಳೆದ ಮೇಲೆ.

ಬರೆದ ಕಲಮು ಕೂಡ ತಾನಾಗಿ ನಡೆಯುವುದಿಲ್ಲ. ಐರೀನ್ ಗ್ರೂಟ್‌ಬೂಮ್ ಎಂಬ ಬಡ ಹೆಂಗಸು ವಸತಿ ಹಕ್ಕಿಗಾಗಿ ಸಂವಿಧಾನ ನ್ಯಾಯಾಲಯಕ್ಕೆ ಹೋಗಿ 2000ದಲ್ಲಿ ಗೆದ್ದಳು. ಲೋಕದ ಕಾನೂನು ಕಾಲೇಜುಗಳಲ್ಲೆಲ್ಲಾ ಆ ತೀರ್ಪು ಪಾಠ. 2008ರಲ್ಲಿ ಸತ್ತಾಗ ಅವಳಿಗೆ ಸ್ವಂತ ಮನೆ ಇರಲಿಲ್ಲ. ಅದೇ ನ್ಯಾಯಾಲಯದಲ್ಲಿ ಏಡ್ಸ್ ರೋಗಿಗಳ ಸಂಘಟನೆ ಟ್ಯಾಕ್ 2002ರಲ್ಲಿ ಗೆದ್ದಿತು. ಬಸುರಿಯರಿಗೆ ನೆವಿರಾಪಿನ್ ಔಷಧಿ ಕೊಡಬೇಕೆಂಬ ತೀರ್ಪು. ಆ ಸಂಘಟನೆ ಊರೂರಲ್ಲಿ ಶಾಖೆ ಕಟ್ಟಿ, ಮೆರವಣಿಗೆ ಮಾಡಿ, ತೀರ್ಪಿನ ಬೆನ್ನು ಹತ್ತಿ ಔಷಧಿ ಆಸ್ಪತ್ರೆಗೆ ಬರುವವರೆಗೆ ಬಿಡಲಿಲ್ಲ. ಒಂಟಿ ಹೆಂಗಸಿಗೆ ತೀರ್ಪು ಸಿಕ್ಕಿತು, ಸಂಘಕ್ಕೆ ಔಷಧಿ ಸಿಕ್ಕಿತು.

2012ರ ಆಗಸ್ಟ್ 16ರಂದು ಮರಿಕಾನಾ ಗಣಿಯಲ್ಲಿ ತಿಂಗಳಿಗೆ 12,500 ರ‍್ಯಾಂಡ್ ಕೂಲಿ ಕೇಳಿದ 34 ಕಾರ್ಮಿಕರನ್ನು ಪೊಲೀಸರು ಗುಂಡಿಟ್ಟು ಕೊಂದರು. ಆಳುತ್ತಿದ್ದದ್ದು ಎಎನ್‌ಸಿ. ಗಣಿ ಕಂಪನಿಯ ನಿರ್ದೇಶಕರಲ್ಲಿ ಒಬ್ಬರು ಸಿರಿಲ್ ರಾಮಫೋಸಾ. 1987ರ ಗಣಿ ಮುಷ್ಕರದ ನಾಯಕ ಅವರೇ, 1996ರ ಸಂವಿಧಾನ ಸಭೆಯ ಅಧ್ಯಕ್ಷರೂ ಅವರೇ. ವಿಚಾರಣಾ ಆಯೋಗ ಅವರನ್ನು ಕೊಲೆಗಳಿಗೆ ಹೊಣೆ ಮಾಡಲಿಲ್ಲ, ಅದೂ ಇರಲಿ. ಮನುಷ್ಯನನ್ನು ಬೈದು ಪ್ರಯೋಜನವಿಲ್ಲ. ಪೊಲೀಸು ಠಾಣೆ, ಗಣಿಯ ಲೆಕ್ಕದ ಪುಸ್ತಕ ಇವುಗಳನ್ನು ಹಾಗೇ ಬಿಟ್ಟು ಒಳಗೆ ಕೂರುವವನ ಬಣ್ಣ ಬದಲಿಸಿದರೆ ಏನಾಗುತ್ತದೆ ಎಂಬುದಕ್ಕೆ ಆ 34 ಹೆಣಗಳೇ ಉತ್ತರ.

ಒಂದು ಆಕ್ಷೇಪ

ರಾಜಿ ಮಾಡದಿದ್ದರೆ ಅಂತರ್ಯುದ್ಧ ಆಗುತ್ತಿತ್ತಲ್ಲ ಅಂತ ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಸೈನ್ಯ ಬಿಳಿಯರ ಕೈಯಲ್ಲಿತ್ತು. 1993ರ ಜೂನಿನಲ್ಲಿ ಬಿಳಿಯ ಉಗ್ರರು ಬಂದೂಕು ಹಿಡಿದು, ಕವಚದ ವಾಹನ ನುಗ್ಗಿಸಿ ಸಂಧಾನದ ಕಟ್ಟಡದೊಳಕ್ಕೇ ಬಂದಿದ್ದರು. 1990ರಿಂದ 1994ರ ನಡುವೆ ಸಾವಿರಾರು ಜನ ಸತ್ತರು. ರಾಜಿ ಬೇಡವೇ ಬೇಡ ಅಂತ ದೂರದಲ್ಲಿ ಕೂತು ನಾನು ಹೇಳಲಾರೆ. ರಾಜಿ ಮಾಡುವಾಗ ಮೂರು ಕೆಲಸ ಆಗಬೇಕಿತ್ತು: ಬಿಟ್ಟುಕೊಟ್ಟ ಪ್ರತಿಯೊಂದಕ್ಕೂ ಗಡುವು ಹಾಕಬೇಕಿತ್ತು, ಕೇರಿಯ ಸಂಘಟನೆ ಬಿಚ್ಚಬಾರದಿತ್ತು, ಸದ್ದು ಮಾಡುವ ವೈರಿಯ ಮೇಲೆ ಒಂದು ಕಣ್ಣಾದರೆ ಸದ್ದು ಮಾಡದವನ ಮೇಲೆ ಎರಡೂ ಕಣ್ಣು ಇರಬೇಕಿತ್ತು.

ಹಾಸ್ಟೆಲ್ ಗೆಳೆಯರಿಗೆ

ಆ ದೇಶದ ವಿದ್ಯಾರ್ಥಿಗಳು ಇದನ್ನು ಓದಿಕೊಂಡರು. 2015ರ ಮಾರ್ಚಿನಲ್ಲಿ ಕೇಪ್ ಟೌನ್ ವಿಶ್ವವಿದ್ಯಾಲಯದಲ್ಲಿ ಸಾಮ್ರಾಜ್ಯಶಾಹಿ ರೋಡ್ಸ್‌ನ ಪ್ರತಿಮೆಗೆ ಒಬ್ಬ ವಿದ್ಯಾರ್ಥಿ ಮಲ ಎರಚಿದ. ಒಂದು ತಿಂಗಳಲ್ಲಿ ಪ್ರತಿಮೆ ಕೆಳಗಿಳಿಯಿತು. ಪ್ರತಿಮೆಗೇ ನಿಂತಿದ್ದರೆ ಅದು ಒಂದು ದಿನದ ಸುದ್ದಿ. ಅಕ್ಟೋಬರಿನಲ್ಲಿ ಅವರು ಫೀಜಿನ ಮೇಲೆ ಬಂದರು. ಕಕ್ಕಸು ತೊಳೆಯುವ, ಕಸ ಗುಡಿಸುವ ಗುತ್ತಿಗೆ ಕೆಲಸಗಾರರನ್ನು ಜೊತೆಗೆ ಕರೆದುಕೊಂಡರು. ಮುಂದಿನ ವರ್ಷ ಫೀಜು ಏರಿಸುವುದಿಲ್ಲ ಅಂತ ಸರ್ಕಾರ ಅದೇ ತಿಂಗಳು ಸಾರಿತು. ಹಲವು ವಿಶ್ವವಿದ್ಯಾಲಯಗಳು ಗುತ್ತಿಗೆ ಬಿಟ್ಟು ಆ ಕೆಲಸಗಾರರನ್ನು ತಮ್ಮ ನೌಕರರನ್ನಾಗಿ ತೆಗೆದುಕೊಂಡವು. 2017ರ ಡಿಸೆಂಬರಿನಲ್ಲಿ ಬಡ ಮಕ್ಕಳಿಗೆ ಉಚಿತ ಉನ್ನತ ಶಿಕ್ಷಣದ ಘೋಷಣೆ ಬಂತು. 1996ರಲ್ಲಿ ಬರೆದ ಶಿಕ್ಷಣದ ಕಲಮಿಗೆ ಜೀವ ತುಂಬಿದವರು 1996ರಲ್ಲಿ ಹುಟ್ಟಿದ ಮಕ್ಕಳು.

ನಮ್ಮ ಹಾಸ್ಟೆಲುಗಳಲ್ಲಿ ಹೊಸ ವಾರ್ಡನ್ ಬಂದರೆ ನಾವು ಹಾರ ಹಾಕುತ್ತೇವೆ. ನಮ್ಮವನೇ ಬಂದ ಅಂತ ಕುಣಿಯುತ್ತೇವೆ. ಉಗ್ರಾಣದ ಬೀಗದ ಕೈ ಯಾರ ಸೊಂಟದಲ್ಲಿದೆ, ಅಕ್ಕಿ ಬೇಳೆಯ ರಿಜಿಸ್ಟರು ಯಾರು ಬರೆಯುತ್ತಾರೆ, ಟೆಂಡರು ಯಾರ ಹೆಸರಿಗಿದೆ ಅಂತ ಕೇಳುವವರು ಎಷ್ಟು ಮಂದಿ? ಒಂದು ಹಾಸ್ಟೆಲಿಗೆ ಸರಿಹೋಗುವ ಪ್ರಶ್ನೆ ಒಂದು ದೇಶಕ್ಕೂ ಸರಿಹೋಗುತ್ತದೆ.

ಯಾವ ದೇಶದಲ್ಲಿ, ಯಾವ ರಾಜ್ಯದಲ್ಲಿ, ಯಾವ ಊರಲ್ಲಿ ಬದಲಾವಣೆ ಬಂತು ಅಂತ ಯಾರಾದರೂ ಬಾವುಟ ಬೀಸಿದರೆ ಇಷ್ಟು ಕೇಳಿ. ಮೇಜಿನಲ್ಲಿ ಯಾರು ಕೂತಿದ್ದರು? ಯಾರ ಕೆಲಸ, ಯಾರ ನೆಲ, ಯಾರ ತಿಜೋರಿ ಹಾಗೇ ಉಳಿಯಿತು? ಯಾವ ಕಲಮಿಗೆ ಗಡುವಿದೆ, ಯಾವುದಕ್ಕೆ ಇಲ್ಲ? ಬಾಗಿಲು ಒಡೆದವರಲ್ಲಿ ಯಾರನ್ನು ಬೇಗ ಮನೆಗೆ ಕಳಿಸಿದರು?

ಈ ಪತ್ರಿಕೆಯನ್ನು ಓದಿ ಮಡಿಸಿ ದಿಂಬಿನ ಕೆಳಗಿಡಬೇಡಿ. ಪಕ್ಕದ ರೂಮಿನವನಿಗೆ ಓದಿ ಹೇಳಿ. ವಾರಕ್ಕೊಂದು ಸಂಜೆ ನಾಲ್ಕು ಜನ ಕೂತು ಸಂವಿಧಾನದ ಒಂದೊಂದು ವಿಧಿ ತೆಗೆದು ಅದನ್ನು ಯಾರು ಬರೆಸಿದರು, ಯಾರು ತಡೆದರು ಅಂತ ಚರ್ಚೆ ಮಾಡಿ. ಘೋಷಣೆ ಕೂಗುವ ಗಂಟಲು ನಮಗಿದೆ. ಕರಡು ಓದುವ ಕಣ್ಣು, ಕರಡು ತಿದ್ದುವ ಕೈ ಬೆಳೆಸಿಕೊಳ್ಳೋಣ. ಗೆದ್ದ ದಿನ ಸಂಘ ಬಿಚ್ಚಿ ಮನೆಗೆ ಹೋಗುವವರ ಸಾಲಿನಲ್ಲಿ ಮಾತ್ರ ನಾವು ನಿಲ್ಲುವುದು ಬೇಡ.